ಯಂತ್ರದ ಕಣ್ಣು, ಸಾರಥಿಯ ಎಚ್ಚರ

ಹಿಂಸೆಯ ವಿಚಾರವನ್ನು ಕೈಗೆತ್ತಿಕೊಂಡಾಗ ಜೈನಾಚಾರ್ಯರು ಕೊಲ್ಲುವ ಕೈಗಿಂತ ಮೊದಲು ಮೈಮರೆತ ಮನಸ್ಸನ್ನು ಪರಿಶೀಲಿಸಿದ್ದಾರೆ. ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಕ್ಕೆ ಹಾನಿಯಾದರೆ ಅದು ಹಿಂಸೆ ಎಂಬುದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿರುವ ಲಕ್ಷಣದ ತಾತ್ಪರ್ಯ. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನಲ್ಲಿ, ಜನ ನಡೆದಾಡಿದ ಮಾರ್ಗದಲ್ಲಿ, ನಾಲ್ಕು ಕೈ ಮುಂದಿನ ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕೆಂಬುದು ಅದರ ವಿಧಿ. ಶ್ರಾವಕನಿಗೆ ಈ ವಿಧಿ ಪೂರ್ಣವಾಗಿ ಅನ್ವಯಿಸದು. ಆದರೆ ಶ್ರಾವಕನು ಕಾರಿನ ಚಕ್ರ ಹಿಡಿದು ಕುಳಿತಾಗ ಆ ವಿಧಿಯ ಒಳಗಿರುವ ತರ್ಕದಿಂದ ಅವನಿಗೆ ಬಿಡುಗಡೆ ಇದೆಯೇ ಎಂಬುದು ವಿಚಾರಾರ್ಹ.

ಲೆಕ್ಕ ಸರಳವಾಗಿದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆಯುವವನು ಆ ನಾಲ್ಕು ಕೈ ದೂರವನ್ನು, ಎಂದರೆ ಸುಮಾರು ಆರು ಅಡಿಯನ್ನು, ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಕ್ರಮಿಸುತ್ತಾನೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ಓಡಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ವೇಗ ಹೆಚ್ಚಿದಂತೆ ನೋಟವೂ ದೂರ ಚಾಚಬೇಕು, ಎಚ್ಚರವೂ ಬಲಿಯಬೇಕು. ಮನುಷ್ಯನ ಕಣ್ಣು ಮಾತ್ರ ಹಿಂದಿದ್ದಷ್ಟೇ ಇದೆ. ಈ ಕೊರತೆಯನ್ನು ತುಂಬಲೆಂದೇ ಇಂದಿನ ಕಾರುಗಳಿಗೆ ಯಂತ್ರದ ಕಣ್ಣನ್ನು ಜೋಡಿಸಲಾಗುತ್ತಿದೆ.

ಚಾಲಕನಿಗೆ ನೆರವಾಗುವ ಇಂಥ ಉಪಕರಣಗಳ ಇತಿಹಾಸದಲ್ಲಿ ಒಂದು ಸ್ವಾರಸ್ಯವಿದೆ. ವೇಗವನ್ನು ತಾನಾಗಿ ಒಂದೇ ಸಮನೆ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್‌ಗೆ 1950ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಕಾರು ಓಡಿಸುತ್ತಿದ್ದ ಅವರ ವಕೀಲರು ಮಾತನಾಡುವಾಗ ವೇಗ ತಗ್ಗಿಸುತ್ತಿದ್ದರು, ಕೇಳಿಸಿಕೊಳ್ಳುವಾಗ ಹೆಚ್ಚಿಸುತ್ತಿದ್ದರು. ಆ ಜಗ್ಗಾಟದಿಂದ ಬೇಸತ್ತು ಟೀಟರ್ ಈ ಉಪಾಯ ಹುಡುಕಿದರೆಂದು ಹೇಳುತ್ತಾರೆ. 1958ರಲ್ಲಿ ಅದು ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಬಂದಿತು. ಗೊಮ್ಮಟಸಾರದಲ್ಲಿ ಎಣಿಸಿರುವ ಹದಿನೈದು ಪ್ರಮಾದಗಳಲ್ಲಿ ನಾಲ್ಕು ವಿಕಥೆಗಳಿಗೆ, ಎಂದರೆ ವ್ಯರ್ಥ ಮಾತುಕತೆಗಳಿಗೆ, ಸ್ಥಾನವಿದೆ, ನಿದ್ರೆಗೂ ಇದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಮೋಟಾರು ಕಂಡವರಲ್ಲ. ಆದರೂ ಊಟದ ಮಾತು, ರಾಜಕಾರಣದ ಮಾತುಗಳು ಮನಸ್ಸನ್ನು ಹೇಗೆ ದಾರಿ ತಪ್ಪಿಸುತ್ತವೆ ಎಂಬುದನ್ನು ಬಲ್ಲವರಾಗಿದ್ದರು. ಮೊಬೈಲ್ ಕಿವಿಗಿಟ್ಟುಕೊಂಡು ಕಾರು ಓಡಿಸುವವನಲ್ಲಿ ಆ ಪಟ್ಟಿಯ ಅನೇಕ ಅಂಶಗಳು ಒಂದೇ ಕಡೆ ಕೂಡಿರುತ್ತವೆ.

ಭಾರತದಲ್ಲಿ 2020ರಲ್ಲಿ ಬಂದ ಎಂ.ಜಿ. ಗ್ಲಾಸ್ಟರ್, 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700 ಮುಂತಾದವುಗಳ ಮೂಲಕ ಈ ಸೌಲಭ್ಯ ಜನರಿಗೆ ಪರಿಚಿತವಾಯಿತು. ಹ್ಯುಂಡೈ ವೆನ್ಯೂ 2023ರಲ್ಲಿಯೂ ಹೋಂಡಾ ಅಮೇಜ್ 2024ರಲ್ಲಿಯೂ ಇದನ್ನು ಅಳವಡಿಸಿಕೊಂಡದ್ದರಿಂದ ಮಧ್ಯಮ ವರ್ಗದ ಮನೆಗಳಿಗೂ ಅದು ಕಾಲಿಟ್ಟಿತು. ಜನ ಇದನ್ನು ಎಡಾಸ್ ಎಂದು ಕರೆಯುತ್ತಾರೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ ಒಂದು ಕ್ಯಾಮೆರಾ, ಹಲವು ಕಾರುಗಳಲ್ಲಿ ಮುಂಭಾಗದಲ್ಲಿ ಅಡಗಿಸಿಟ್ಟ ಒಂದು ರಾಡಾರ್ ಇದರ ಮುಖ್ಯ ಅಂಗಗಳು. ಕ್ಯಾಮೆರಾ ವಾಹನ, ಮನುಷ್ಯ, ರಸ್ತೆಯ ಬಿಳಿ ಗೆರೆಗಳನ್ನು ಗುರುತಿಸುತ್ತದೆ. ರಾಡಾರ್ ರೇಡಿಯೋ ಅಲೆಗಳನ್ನು ಬಿಟ್ಟು, ಅವು ಬಡಿದು ಮರಳಿದ್ದರಿಂದ ಮುಂದಿನ ವಸ್ತುವಿನ ದೂರ ಮತ್ತು ವೇಗವನ್ನು ಅಳೆಯುತ್ತದೆ. ಡಿಕ್ಕಿಯ ಸಂಭವ ಕಂಡರೆ ಕಾರು ಮೊದಲು ಕೂಗಿ ಎಚ್ಚರಿಸುತ್ತದೆ, ಚಾಲಕ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತದೆ.

ಎಸ್.ಎ.ಇ. ಎಂಬ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ವಾಹನಗಳ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಮಟ್ಟಗಳಾಗಿ ವಿಂಗಡಿಸಿತು. ಮೇಲೆ ಹೇಳಿದ ಕಾರುಗಳೆಲ್ಲ ಎರಡನೆಯ ಮಟ್ಟದ ಒಳಗಿನವು. ಎರಡನೆಯ ಮಟ್ಟದಲ್ಲಿ ಯಂತ್ರವು ವೇಗವನ್ನೂ ಸ್ಟೀರಿಂಗನ್ನೂ ಒಟ್ಟಿಗೆ ನಿರ್ವಹಿಸಬಹುದು. ಆದರೆ ಪ್ರತಿಕ್ಷಣವೂ ಗಮನವಿಟ್ಟು ನೋಡುತ್ತಿರಬೇಕಾದವನು ಮನುಷ್ಯನೇ.

ಮಾಳಮಡ್ಡಿಯ ಒಂದು ಮನೆಗೆ ಇಂಥ ಕಾರು 2023ರಲ್ಲಿ ಬಂದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ, ಧಾರವಾಡದಲ್ಲಿ ಜವಳಿ ಅಂಗಡಿ ನಡೆಸುವ ತಂದೆಗಾಗಿ ಅದನ್ನು ಕೊಂಡಿದ್ದ. ಬಹುಕಾಲದಿಂದ ಆ ಮನೆಯ ಗಾಡಿ ಓಡಿಸುತ್ತಿದ್ದ ಡ್ರೈವರ್‌ಗೆ ಅದು ಒಂದೇ ವಾರದಲ್ಲಿ ಬೇಸರ ತರಿಸಿತು. ಕೆ.ಇ. ಬೋರ್ಡ್ ಶಾಲೆ ಬಿಡುವ ಹೊತ್ತು, ಸೈಕಲ್ ಮೇಲಿನ ಮಕ್ಕಳು, ನಡುಬೀದಿಯಲ್ಲಿ ಮಲಗಿದ ದನ, ರೈಲ್ವೆ ನಿಲ್ದಾಣದ ಕಡೆಗೆ ಧಾವಿಸುವ ಆಟೋಗಳು ಇವೆಲ್ಲವನ್ನೂ ಕಂಡು ಕಾರು ಕೂಗುತ್ತಲೇ ಇತ್ತು.

"ಸಾವ್ಕಾರ್ರ, ಇದು ಹೆಜ್ಜಿಗೊಮ್ಮೆ ಒದರತೈತ್ರಿ. ಬಂದ್ ಮಾಡಿಬಿಡೂಣ್ರಿ" ಎಂದ ಡ್ರೈವರ್.

"ಯಾಕ ಒದರತೈತಿ ಅಂತ ಮೊದಲ ತಿಳ್ಕೊಳ್ಳೂಣು ತಮ್ಮಾ, ಆಮ್ಯಾಲೆ ಬಂದ್ ಮಾಡೂದು ನೋಡೂಣು" ಎಂದರು ಹಿರಿಯರು.

ಮಗನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. "ಅಪ್ಪಾ, ಎಲ್ಲಾ ಚಾಲೂ ಇರ್ಲಿ, ಅದ ನೋಡ್ಕೋತೈತಿ" ಎಂದು ಫೋನಿನಲ್ಲಿ ಹೇಳಿದ. "ಅದು ನೋಡ್ಕೋತೈತಿ ಅಂದ್ರ ನಾವೇನು ನೋಡೂದು?" ಎಂಬ ತಂದೆಯ ಪ್ರಶ್ನೆಗೆ ಅವನು ನಕ್ಕು ಸುಮ್ಮನಾದ.

ಹಿರಿಯರು ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನು ತೆಗೆದು, ಅಂಗಡಿಯ ಖಾತೆಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಓದಿದರು. ಸೌಲಭ್ಯಗಳ ವರ್ಣನೆಗಿಂತ ಎಚ್ಚರಿಕೆಗಳ ಪುಟಗಳೇ ಅದರಲ್ಲಿ ಹೆಚ್ಚಾಗಿದ್ದವು. ಜೋರು ಮಳೆಯಲ್ಲಿ, ಮಂಜಿನಲ್ಲಿ, ಎದುರು ಬಿಸಿಲಿನಲ್ಲಿ ಕ್ಯಾಮೆರಾ ತಪ್ಪಬಹುದು. ರಾಡಾರ್ ಮುಂದೆ ಕೆಸರು ಮೆತ್ತಿದರೆ ಅದು ಕುರುಡಾಗಬಹುದು. ಗೆರೆ ಇಲ್ಲದ ರಸ್ತೆಯಲ್ಲಿ ಪಥ ಕಾಯುವ ಸಾಧನ ನಿಷ್ಪ್ರಯೋಜಕ. ಪ್ರಾಣಿಗಳನ್ನು ಅದು ಗುರುತಿಸದೇ ಹೋಗಬಹುದು. ಕೊನೆಗೆ, ಎಲ್ಲ ಸಂದರ್ಭಗಳಲ್ಲಿಯೂ ಹೊಣೆ ಚಾಲಕನದೇ. ಕಾರು ತೋರಿಸುವಾಗ ಮಾರಾಟಗಾರನು ಸ್ಟೀರಿಂಗ್‌ನಿಂದ ಕೈ ತೆಗೆದು ಚಮತ್ಕಾರ ಮಾಡಿದ್ದನೇ ಹೊರತು ಇವುಗಳಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ.

ಓದಿ ತಿಳಿದ ಮೇಲೆ ಆ ಮನೆಯಲ್ಲಿ ಒಂದು ಕ್ರಮ ಏರ್ಪಟ್ಟಿತು. ತಾನೇ ಬ್ರೇಕ್ ಹಾಕುವ ಸಾಧನ ಎಲ್ಲ ಕಡೆಯಲ್ಲಿಯೂ ಚಾಲೂ ಇರತಕ್ಕದ್ದು. ಡಿಕ್ಕಿಯ ಎಚ್ಚರಿಕೆ ಎಷ್ಟು ಮುಂಚಿತವಾಗಿ ಬರಬೇಕೆಂಬುದನ್ನು ಸೆಟ್ಟಿಂಗ್‌ನಲ್ಲಿ ಬದಲಿಸಬಹುದಾಗಿದ್ದುದರಿಂದ ಓಣಿಗಳಿಗೆ ತಕ್ಕಂತೆ ಅದನ್ನು ತಗ್ಗಿಸಲಾಯಿತು. ಕೂಗಾಟ ಬಹುಮಟ್ಟಿಗೆ ನಿಂತಿತು. ಪಥ ಕಾಯುವ ಸಾಧನವು ಗೆರೆಗಳು ಸ್ಪಷ್ಟವಾಗಿರುವ ಹೆದ್ದಾರಿಗೆ ಮಾತ್ರ. ಮುಂದಿನ ವಾಹನಕ್ಕೆ ಹೊಂದಿಕೊಂಡು ಓಡುವ ಕ್ರೂಸ್ ಕಂಟ್ರೋಲ್ ಊರೊಳಗೆ ಕೂಡದು. ವಾರಕ್ಕೊಮ್ಮೆ ಕ್ಯಾಮೆರಾದ ಮುಂದಿನ ಗಾಜನ್ನೂ ರಾಡಾರ್ ಮುಂದಿನ ಭಾಗವನ್ನೂ ಒರೆಸುವ ಕೆಲಸ ಡ್ರೈವರನ ಪಾಲಿಗೆ ಬಂದಿತು.

ಮುಂದೆ ಕೆಲವು ತಿಂಗಳುಗಳ ಅಂತರದಲ್ಲಿ ಎರಡು ಘಟನೆಗಳು ನಡೆದವು. ಒಂದು ಸಂಜೆ ಸ್ಟೇಷನ್ ರಸ್ತೆಯಲ್ಲಿ ಡ್ರೈವರ್ ಬಲಗನ್ನಡಿಯಲ್ಲಿ ಹಿಂದಿನ ಆಟೋವನ್ನು ನೋಡುತ್ತಿದ್ದಾಗ ಮುಂದಿನ ಬೈಕ್ ಸವಾರ ಥಟ್ಟನೆ ನಿಂತ. ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದು ಕುಳಿತ ತಾಯಿ ಇದ್ದಳು. ಡ್ರೈವರನ ಕಾಲು ಬ್ರೇಕಿಗೆ ಮುಟ್ಟುವ ಮೊದಲೇ ಕಾರು ಜಗ್ಗಿ ನಿಂತಿತು. ಅಂದಿನಿಂದ ಅದನ್ನು ಬಂದ್ ಮಾಡುವ ಮಾತನ್ನು ಅವನು ಎತ್ತಲಿಲ್ಲ.

ಎರಡನೆಯದು ಕಬ್ಬಿನ ಹಂಗಾಮಿನಲ್ಲಿ ಹಳಿಯಾಳ ರಸ್ತೆಯಲ್ಲಿ ನಡೆದದ್ದು. ಹಳಿಯಾಳದ ನೆಂಟರ ಮನೆಯಲ್ಲಿ ಸೂರ್ಯಾಸ್ತದ ಮುನ್ನವೇ ಊಟ ಮುಗಿಸಿ ಎಲ್ಲರೂ ಧಾರವಾಡಕ್ಕೆ ಮರಳುತ್ತಿದ್ದರು. ಕತ್ತಲಾಗಿತ್ತು. ವೇಗ 60ಕ್ಕೆ ನಿಗದಿಯಾಗಿ ಕಾರು ಮುಂದಿನ ಟೆಂಪೋವನ್ನು ತಾನಾಗಿ ಹಿಂಬಾಲಿಸುತ್ತಿತ್ತು. ಟೆಂಪೋ ಒಮ್ಮೆಲೆ ಬಲಕ್ಕೆ ಸರಿಯಿತು. ಅದರ ಮರೆಯಲ್ಲಿ, ಹಿಂದೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರ್ ಕೆಟ್ಟು ನಿಂತಿತ್ತು. ಮುಂದಿನ ವಾಹನ ಪಕ್ಕಕ್ಕೆ ಸರಿದೊಡನೆ ನಿಂತ ವಸ್ತುವೊಂದು ಎದುರಾದರೆ ಯಂತ್ರಕ್ಕೆ ಅದನ್ನು ಗುರುತಿಸಲು ತಡವಾಗಬಹುದೆಂದು ಕೈಪಿಡಿಯಲ್ಲಿಯೇ ಬರೆದಿತ್ತು. ಆದದ್ದೂ ಹಾಗೆಯೇ. ಹಾದಿ ತೆರವಾಯಿತೆಂದು ತಿಳಿದ ಕಾರು ವೇಗ ಏರಿಸತೊಡಗಿತು. ಆ ಭಾಗವನ್ನು ಹಿರಿಯರು ಡ್ರೈವರ್‌ಗೆ ಎರಡು ಸಲ ಓದಿ ಹೇಳಿದ್ದರಿಂದ ಅವನ ಕಾಲು ಸಿದ್ಧವಾಗಿತ್ತು. ಕಾರು ಟ್ರೇಲರಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಎಚ್ಚರಿಕೆಯ ಕೂಗು ಅವನು ಬ್ರೇಕ್ ಒತ್ತಿದ ನಂತರ ಕೇಳಿಸಿತು.

ಒಂದು ದಿನ ಯಂತ್ರವು ಮನುಷ್ಯನ ಲೋಪವನ್ನು ತುಂಬಿತು, ಇನ್ನೊಂದು ದಿನ ಮನುಷ್ಯನು ಯಂತ್ರದ ಲೋಪವನ್ನು ತುಂಬಿದನು. ಎರಡರಲ್ಲಿ ಒಂದನ್ನು ಮಾತ್ರ ನಂಬಿದ್ದರೆ ಆ ಎರಡು ದಿನಗಳಲ್ಲಿ ಒಂದು ದಿನ ಅನಾಹುತದ ದಿನವಾಗುತ್ತಿತ್ತು.

ಈ ಸಹಬಾಳ್ವೆ ಸುಲಭವಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿಯೇ ತಮ್ಮ ಪ್ರಬಂಧವೊಂದರಲ್ಲಿ ಇದರ ತೊಡಕನ್ನು ವಿವರಿಸಿದ್ದರು. ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದಾಗ ಅತ್ಯಂತ ಕಠಿಣವಾದ ಕ್ಷಣ ಮಾತ್ರ ಮನುಷ್ಯನಿಗೆ ಉಳಿಯುತ್ತದೆ. ಅಷ್ಟರಲ್ಲಿ ಅಭ್ಯಾಸ ತಪ್ಪಿ ಅವನ ಕೈ ಸಡಿಲವಾಗಿರುತ್ತದೆ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪಿ ನಗರದಲ್ಲಿ ಉಬರ್ ಕಂಪನಿಯ ಪರೀಕ್ಷಾರ್ಥ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳನ್ನು ಬಲಿ ತೆಗೆದುಕೊಂಡಿತು. ಮೇಲ್ವಿಚಾರಣೆಗೆ ಕುಳಿತವರ ದೃಷ್ಟಿ ಮೊಬೈಲಿನಲ್ಲಿತ್ತು. ಕಾರಿನಲ್ಲಿ ತಯಾರಕರೇ ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪರೀಕ್ಷೆಯ ಕಾಲದಲ್ಲಿ ಬಂದ್ ಮಾಡಲಾಗಿತ್ತು. ಹೀಗೆ ಯಂತ್ರದ ಎಚ್ಚರವೂ ಮನುಷ್ಯನ ಎಚ್ಚರವೂ ಏಕಕಾಲಕ್ಕೆ ಇಲ್ಲವಾದವು.

ಮಾರುವವರ ಕರ್ತವ್ಯವನ್ನೂ ಇಲ್ಲಿ ವಿಚಾರಿಸಬೇಕಾಗುತ್ತದೆ. ಸೀಟ್ ಬೆಲ್ಟ್ ಕಟ್ಟದಿದ್ದರೆ ಕೂಗುವ ಗಂಟೆಯ ಬಾಯಿ ಮುಚ್ಚಿಸಲು ಒಂದು ಪುಟ್ಟ ಕ್ಲಿಪ್ ಮಾರಾಟವಾಗುತ್ತಿತ್ತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳ ವಿರುದ್ಧ ಆದೇಶ ಹೊರಡಿಸಿತು. ಅಂಥ 13,118 ಮಾರಾಟದ ಪುಟಗಳನ್ನು ತೆಗೆಸಲಾಯಿತು. ಬೇಡಿಕೆ ಇದೆ ಎಂಬ ಒಂದೇ ಕಾರಣಕ್ಕೆ ಮಾರಬಾರದ ವಸ್ತುಗಳೂ ಇವೆ ಎಂಬುದು ವ್ಯಾಪಾರಿಗಳಿಗೆ ಗೊತ್ತಿಲ್ಲದ ಮಾತಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸದ ಜೊತೆಗೆ ಪ್ರತಿರೂಪಕ ವ್ಯವಹಾರವನ್ನೂ, ಎಂದರೆ ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವುದನ್ನೂ, ಹೇಳಲಾಗಿದೆ. ನೆರವು ನೀಡುವ ಸಾಧನವನ್ನು ಕಾರು ತಾನೇ ಓಡುತ್ತದೆ ಎಂಬಂತೆ ತೋರಿಸಿ ಮಾರುವುದು ಆ ಅತಿಚಾರಕ್ಕೆ ಎಷ್ಟು ದೂರ? ಗುಣವನ್ನು ಹೇಳಿ ಮಿತಿಯನ್ನು ಮುಚ್ಚಿಟ್ಟವನ ತಕ್ಕಡಿ ನೆಟ್ಟಗಿದೆ ಎನ್ನಲಾಗದು.

ಇದರ ಪರಿಣಾಮ ಯಾರ ಮೇಲೆ ಆಗುತ್ತದೆ ಎಂಬುದು ಕೊನೆಯ ಮತ್ತು ಮುಖ್ಯವಾದ ಪ್ರಶ್ನೆ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು ಶೇಕಡ 44ರಷ್ಟು ದ್ವಿಚಕ್ರ ವಾಹನಗಳವರು, ಶೇಕಡ 19ರಷ್ಟು ಪಾದಚಾರಿಗಳು. 2021ರ ಜನವರಿ 15ರ ಬೆಳಿಗ್ಗೆ ಧಾರವಾಡದ ಬಳಿ ಇಟಿಗಟ್ಟಿ ಹತ್ತಿರ ಬೈಪಾಸ್ ರಸ್ತೆಯಲ್ಲಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹತ್ತಕ್ಕೂ ಹೆಚ್ಚು ಜನ, ಬಹುತೇಕ ಮಹಿಳೆಯರು, ಟಿಪ್ಪರ್ ಡಿಕ್ಕಿಯಲ್ಲಿ ಮಡಿದದ್ದನ್ನು ಈ ಅವಳಿ ನಗರ ಮರೆತಿಲ್ಲ. ರಾಡಾರ್ ಇರುವ ಕಾರಿನೊಳಗೆ ಕುಳಿತವನಿಗೆ ಬೆಲ್ಟ್ ಇದೆ, ಗಾಳಿಚೀಲ ಇದೆ, ಉಕ್ಕಿನ ಗೂಡು ಇದೆ. ಹೊರಗೆ ನಡೆಯುವವನಿಗೆ ಇರುವ ರಕ್ಷಣೆ ಒಳಗಿನವನ ಎಚ್ಚರ ಒಂದೇ.

ಆದುದರಿಂದ ಯಂತ್ರದ ನೆರವನ್ನು ತಿರಸ್ಕರಿಸುವುದು ವಿವೇಕವಲ್ಲ. ಜೀವ ಉಳಿಸಬಲ್ಲ ಸಾಧನವನ್ನು ಕಿರಿಕಿರಿಯೆಂದು ಬಂದ್ ಮಾಡುವುದೂ ಪ್ರಮಾದವೇ. ಅದರ ಮೇಲೆ ಭಾರ ಹಾಕಿ ಮೈಮರೆಯುವುದು ಇನ್ನೊಂದು ಬಗೆಯ ಪ್ರಮಾದ. ಯಂತ್ರವು ಚಾಲಕನ ಶ್ರಮದಲ್ಲಿ ಪಾಲು ತೆಗೆದುಕೊಳ್ಳಬಲ್ಲದು, ಅವನ ಹೊಣೆಯಲ್ಲಿ ಅಲ್ಲ. ಅದು ಉಳಿಸಿಕೊಟ್ಟ ಗಮನವನ್ನು ಮೊಬೈಲಿಗೂ ವಿಕಥೆಗೂ ವ್ಯಯಿಸದೆ, ರಸ್ತೆಯಂಚಿನ ಮಗು, ಮುದುಕ, ಮೂಕಪ್ರಾಣಿಗಳ ಕಡೆಗೆ ತಿರುಗಿಸುವುದು ಕಾರು ಓಡಿಸುವ ಶ್ರಾವಕನ ಧರ್ಮ. ಹೊಸ ಕಾರು ಕೊಂಡವರು ಪೂಜೆ ಮುಗಿದ ದಿನವೇ ಅದರ ಕೈಪಿಡಿಯ ಎಚ್ಚರಿಕೆಯ ಪುಟಗಳನ್ನು ತಾವೂ ಓದಿ, ಗಾಡಿ ಓಡಿಸುವವರಿಗೂ ಅವರ ಮಾತಿನಲ್ಲಿ ತಿಳಿಸಿ ಹೇಳಿದರೆ ಈ ಧರ್ಮದ ಆಚರಣೆ ಅಂದೇ ಆರಂಭವಾದಂತೆ.