ಕೆರೆಯ ತಗ್ಗು, ಕಡಲ ಕುಳಿ

ಬೆಳಗಿನ ಹೊತ್ತು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವವರ ಕಣ್ಣೆಲ್ಲ ಹೆಜ್ಜಾರ್ಲೆಗಳ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಈ ಕೆರೆಯ ತಳದ ಬಗ್ಗೆ ಯೋಚಿಸುವವರು ಕಡಿಮೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಮ್ಮೆ ನೋಡಿ. ಉದ್ದ ಕಾಲಿನ ಹಕ್ಕಿಗಳು ಅಂಚಿನ ಕೆಸರಿನಲ್ಲಿ ಹುಳು ಹೆಕ್ಕುತ್ತವೆ. ನೀರುಕಾಗೆಗಳು ಆಳಕ್ಕೆ ಮುಳುಗಿ ಮೀನು ಹಿಡಿಯುತ್ತವೆ. ನೀರು ಇನ್ನಷ್ಟು ಇಳಿದರೆ ಯಾವ ಕೆರೆಯಲ್ಲೇ ಆಗಲಿ, ಮೀನುಗಳಿಗೆ ತಳದ ತಗ್ಗುಗಳೇ ಗತಿ.

ಮೈಸೂರಿಗೆ ಕಡಲು ದೂರವಾದರೂ ಅದರ ತಳದ ಕಥೆ ಹೆಚ್ಚುಕಡಿಮೆ ಇದೇ. ಕೆನಡಾದ ನೋವಾ ಸ್ಕೋಷಿಯಾ ಬಳಿ ಕಡಲತಳದಲ್ಲಿ ಬಟ್ಟಲಿನಂಥ ಕುಳಿಗಳಿರುವುದನ್ನು ಕಿಂಗ್ ಮತ್ತು ಮ್ಯಾಕ್‌ಲೀನ್ ಎಂಬ ವಿಜ್ಞಾನಿಗಳು 1970ರಲ್ಲಿ ವಿವರಿಸಿದರು. ಸಿಡುಬಿನ ಕಲೆಗಳಂತೆ ಕಂಡ ಇವಕ್ಕೆ ‘ಪಾಕ್‌ಮಾರ್ಕ್’ ಎಂದೇ ಹೆಸರಾಯಿತು. ಕೆಸರಿನಡಿಯ ಅನಿಲ ಅಥವಾ ನೀರು ಮೇಲಕ್ಕೆ ನುಗ್ಗಿ ಹೊರಬಿದ್ದ ಜಾಗದಲ್ಲಿ ಇಂಥ ಕುಳಿ ಉಳಿಯುತ್ತದೆ. ಭಾರತದ ಪಶ್ಚಿಮ ಕರಾವಳಿಯಾಚೆಗೂ ಇವು ಪತ್ತೆಯಾಗಿವೆ.

ಉತ್ತರ ಸಮುದ್ರದ ‘ಸ್ಕ್ಯಾನರ್’ ಕುಳಿ ಸುಮಾರು 900 ಮೀಟರ್ ಉದ್ದ, 450 ಮೀಟರ್ ಅಗಲ, 22 ಮೀಟರ್ ಆಳವಿದೆ. ಅಲ್ಲಿ ಒಸರುವ ಮೀಥೇನನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಆ ಕ್ರಿಯೆಯಿಂದ ಸುಣ್ಣದ ಬಂಡೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಸುತ್ತೆಲ್ಲ ಬರೀ ಕೆಸರು; ಗಟ್ಟಿ ನೆಲೆಯಿರುವುದು ಈ ಬಂಡೆಯಲ್ಲಿ ಮಾತ್ರ. ಹೂವಿನಂತೆ ಕಾಣುವ ಸಮುದ್ರಜೀವಿ ಅನಿಮೋನ್‌ಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಮೀನುಗಳು ಮರೆ ಹುಡುಕಿ ಬರುತ್ತವೆ. ಯುರೋಪಿನ 1992ರ ಆವಾಸ ಸಂರಕ್ಷಣಾ ನಿಯಮದಂತೆ ಬ್ರಿಟನ್ ಈ ಕುಳಿಯನ್ನು ರಕ್ಷಿತ ತಾಣವಾಗಿ ಗುರುತಿಸಿದೆ.

ಇಂಥ ಕುಳಿಗಳಿಗೆ ದೊಡ್ಡ ಭಯ ತಳ ಕೆರೆಯುವ ಟ್ರಾಲ್ ಬಲೆಯದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡಲು ಅದು ಬಿಡುವು. ಆದರೆ ನೂರಾರು ವರ್ಷ ಹಿಡಿದು ಕಟ್ಟಿಕೊಂಡ ಬಂಡೆ ಒಡೆದರೆ ಎರಡು ತಿಂಗಳಲ್ಲಿ ಕೂಡೀತೆ?

ಊರ ಕೆರೆಗಳಿಗೂ ಈ ಪಾಠ ಬೇಕು. ಹೂಳೆತ್ತುವುದು ಸರಿಯೆ. ಆದರೆ ದಡವನ್ನು ಕಡಿದಾಗಿಸಿ, ತಳವನ್ನು ತೊಟ್ಟಿಯಂತೆ ಒಂದೇ ಆಳಕ್ಕೆ ಬಗೆದರೆ ಕಾಲು ಮುಳುಗುವಷ್ಟು ನೀರನ್ನೇ ನಂಬಿದ ಹಕ್ಕಿ ಎಲ್ಲಿಗೆ ಹೋಗಬೇಕು? ಮುಂದಿನ ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಕೆರೆಯ ಬಳಿ ಒಂದು ಗಂಟೆ ನಿಲ್ಲಿ. ಯಾವ ಹಕ್ಕಿ ಎಷ್ಟು ಆಳದಲ್ಲಿ ಮೇಯುತ್ತದೆಂದು ಅವರೇ ಬರೆದುಕೊಳ್ಳಲಿ. ಕೆರೆ ಹೂಳೆತ್ತುವ ದಿನ ಆ ಪುಟವೂ ನಾಲ್ಕು ಜನರ ಮುಂದೆ ಇರಲಿ.