ಕೆಸರೆಯ ಶುಕ್ರವಾರ

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಚಾಮುಂಡಿ ಬೆಟ್ಟ ಹತ್ತುತ್ತಾರೆ, ಹೊತ್ತು ಮಿಕ್ಕಿದರೆ ಮೃಗಾಲಯಕ್ಕೂ ಹೋಗಿ ಬರುತ್ತಾರೆ. ಕೆಸರೆಯನ್ನು ನೋಡಲೆಂದು ಯಾರೂ ಹೋಗುವುದಿಲ್ಲ. ಕೆಸರೆಗೆ ಹೋಗುವವರು ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವವರು, ಅಷ್ಟೆ.

ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳನ್ನು ಹಿಂದೆ ಬಿಟ್ಟು, ನರಸಿಂಹರಾಜ ಮೊಹಲ್ಲಾದ ಗಿಜಿಗಿಜಿ ದಾಟಿ ಈಶಾನ್ಯಕ್ಕೆ ನಡೆದರೆ ರಾಜೇಂದ್ರನಗರ; ಅದಕ್ಕೆ ಅಂಟಿಕೊಂಡಂತೆ ಕೆಸರೆ. ಒಂದು ಕಾಲಕ್ಕೆ ತನ್ನ ಪಾಡಿಗೆ ತಾನಿದ್ದ ಹಳ್ಳಿ. ನಗರ ಕೈ ಚಾಚಿತು. ಹಳ್ಳಿಯ ಸುತ್ತ ಎರಡನೇ ಹಂತ, ಮೂರನೇ ಹಂತ ಎಂದು ಬಡಾವಣೆಗಳಾದವು. ಮಸೀದಿಯ ಬಾಂಗೂ ದೇವಸ್ಥಾನದ ಗಂಟೆಯೂ ಇಲ್ಲಿ ನೆರೆಮನೆಯವು.

ನೆಲದ ಪಾಠದಲ್ಲಿ ಕೆಸರೆಗೆ ಒಂದು ಸ್ಥಾನವಿದೆ. ಮೈಸೂರಿನ ನೀರು ಇಳಿದು ಹೋಗುವುದು ಮೂರು ಕಣಿವೆಗಳಲ್ಲಿ. ದಳವಾಯಿ ಕೆರೆಯ ಕಣಿವೆ, ಮಳಲವಾಡಿ ಕಣಿವೆ ಇವೆರಡೂ ದಕ್ಷಿಣಕ್ಕೆ, ಕಬಿನಿಯ ಕಡೆಗೆ. ಉತ್ತರಕ್ಕೆ, ಕಾವೇರಿಯ ಕಡೆಗೆ ಇಳಿಯುವುದು ಕೆಸರೆ ಕಣಿವೆ. ನಗರ ಬಳಸಿ ಬಿಟ್ಟ ನೀರನ್ನು ಶುದ್ಧಗೊಳಿಸುವ ಘಟಕವೊಂದು ಇಲ್ಲಿದೆ. ಕೆಸರೆ ಎಂಬ ಹೆಸರು ಕೇಳಿದರೆ ಮೈಸೂರಿನ ಹಲವರಿಗೆ ಮೊದಲು ನೆನಪಾಗುವುದು ಅದೇ.

ಇಂಥ ಬಡಾವಣೆಯಲ್ಲಿ ಗಿಟಾರಿನ ಮಾತು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಯಾವ ಬಡಾವಣೆಯಲ್ಲೂ ಹೊಸ ಹಾಡಿನ ಹುಚ್ಚು ಹಿಡಿದವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಹೆಸರು ಬೇಡ. ‘ಅಭಿಮಾನಿ’ ಎಂದರೆ ಸಾಕು. ಅವನು ಒಬ್ಬನೋ ಹತ್ತು ಮಂದಿಯೋ ಎಂದು ಎಣಿಸಿದವರಿಲ್ಲ. ಗುರುತು ಹಿಡಿಯುವುದು ಮಾತ್ರ ಸುಲಭ. ಗುರುವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಗಡಿಯಾರದ ಮುಳ್ಳು ಹನ್ನೆರಡು ದಾಟುವುದನ್ನೇ ಕಾಯುವವನು ಅವನು.

ಹನ್ನೆರಡು ದಾಟಿದರೆ ಶುಕ್ರವಾರ. ಕನ್ನಡಿಗರಿಗೆ ಶುಕ್ರವಾರ ಎಂದರೆ ಲಕ್ಷ್ಮೀಪೂಜೆ, ಜುಮ್ಮಾ ನಮಾಜು, ಚಿತ್ರಮಂದಿರದಲ್ಲಿ ಹೊಸ ಸಿನಿಮಾ. ಇದಕ್ಕೆ ನಾಲ್ಕನೆಯದೊಂದು ಸೇರಿಕೊಂಡದ್ದು 2015ರಲ್ಲಿ. ಅಲ್ಲಿಯವರೆಗೆ ಹೊಸ ಆಲ್ಬಂಗಳು ಇಂಗ್ಲೆಂಡಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ, ಜರ್ಮನಿಯಲ್ಲಿ ಶುಕ್ರವಾರ ಹೀಗೆ ಒಂದೊಂದು ದೇಶದಲ್ಲಿ ಒಂದೊಂದು ದಿನ ಬರುತ್ತಿದ್ದವು. ಒಂದು ದೇಶದಲ್ಲಿ ಹೊರಬಂದದ್ದು ಇನ್ನೊಂದು ದೇಶಕ್ಕೆ ಕಳ್ಳದಾರಿಯಲ್ಲಿ ಮೊದಲೇ ತಲುಪಿಬಿಡುತ್ತಿತ್ತು. ಆ ವರ್ಷ ಜುಲೈ 10ರಿಂದ ಜಗತ್ತಿಗೆಲ್ಲ ಒಂದೇ ದಿನ ಎಂದಾಯಿತು, ಅದು ಶುಕ್ರವಾರ. ಈಗ ಲಂಡನ್ನಿನವನಿಗಿಂತ ಕೆಸರೆಯವನು ಮೊದಲು ಕೇಳುತ್ತಾನೆ. ಮಧ್ಯರಾತ್ರಿ ಪೂರ್ವಕ್ಕೇ ಮೊದಲು ಬರುವುದಲ್ಲವೆ!

2024ರ ಆಗಸ್ಟ್ 9ನ್ನೇ ನೆನಪಿಸಿಕೊಳ್ಳಿ. ಅಂದು ಶ್ರಾವಣದ ಶುಕ್ರವಾರ, ನಾಗರ ಪಂಚಮಿ. ಹೆಂಗಸರು ಹುತ್ತಕ್ಕೆ ಹಾಲೆರೆಯಲು ಹೊರಟ ಆ ದಿನವೇ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ತಂಡದ ‘ಬೀಟಾ’ ಹೊರಬಂತು. ಹೆಸರಿನಲ್ಲಿ ಕಂಪನಿ ಇದ್ದರೂ ಅದು ಹಾಡುಗಾರರ ಗುಂಪು. ಎರಡು ವಾರ ಕಳೆದು 23ರ ಶುಕ್ರವಾರ ಐರ್ಲೆಂಡಿನ ಫಾಂಟೇನ್ಸ್ ಡಿಸಿ ತಂಡದ ‘ರೊಮ್ಯಾನ್ಸ್’. ನಡುವೆ 16ರಂದು ವರಮಹಾಲಕ್ಷ್ಮಿ. ಅಭಿಮಾನಿಗೆ ಆ ತಿಂಗಳು ಹಬ್ಬದ ಮೇಲೆ ಹಬ್ಬ.

ಈ ಸಂಗೀತಕ್ಕೆ ‘ಇಂಡಿ’ ಎನ್ನುತ್ತಾರೆ. ಇಂಡಿಯಾದ ಇಂಡಿ ಅಲ್ಲ; ಇಂಡಿಪೆಂಡೆಂಟ್ ಎಂಬುದರ ಮೊಟಕು, ಸ್ವತಂತ್ರ ಎಂದರ್ಥ. ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಮಾಡಿ ತಾವೇ ಹಂಚುವವರ ಪಂಥ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡದ ಹುಡುಗರು 500 ಪೌಂಡು ಸಾಲ ಎತ್ತಿ 1977ರ ಜನವರಿಯಲ್ಲಿ ನಾಲ್ಕು ಹಾಡಿನ ತಟ್ಟೆಯೊಂದನ್ನು ತಾವೇ ಹೊರತಂದರು. ಮೊದಲು ಅಚ್ಚು ಹಾಕಿಸಿದ್ದು ಸಾವಿರ ಪ್ರತಿ. ಅಷ್ಟು ಖರ್ಚಾದರೆ ಸಾಲ ತೀರುತ್ತದೆ ಎಂಬ ಲೆಕ್ಕ. ತಟ್ಟೆ ಖರ್ಚಾಯಿತು. ಕಂಪನಿಯ ಬಾಗಿಲಲ್ಲಿ ಕಾಯಬೇಕಿಲ್ಲ ಎಂಬುದು ಮಿಕ್ಕವರಿಗೂ ತಿಳಿಯಿತು.

ಸಾವಿರ ಎಂಬ ಸಂಖ್ಯೆ ಈಗಲೂ ಬಿಟ್ಟಿಲ್ಲ. ಸ್ಪಾಟಿಫೈ ಎಂಬ ಸೇವೆ ಭಾರತಕ್ಕೆ ಬಂದದ್ದು 2019ರಲ್ಲಿ. ತಿಂಗಳ ಚಂದಾ ಕಟ್ಟಿ, ಇಲ್ಲವೆ ಜಾಹೀರಾತು ಸಹಿಸಿಕೊಂಡು ಕೋಟಿಗಟ್ಟಲೆ ಹಾಡುಗಳಲ್ಲಿ ಬೇಕಾದ್ದನ್ನು ಕೇಳಬಹುದು. ಅದರಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಕೇಳಿಕೆ ಎಂದು ಲೆಕ್ಕ. 2024ರಲ್ಲಿ ಹೊಸ ನಿಯಮ ಬಂತು. ಹನ್ನೆರಡು ತಿಂಗಳಲ್ಲಿ ಒಂದು ಹಾಡಿಗೆ ಕನಿಷ್ಠ ಸಾವಿರ ಕೇಳಿಕೆ ಬೀಳದಿದ್ದರೆ ಆ ಧ್ವನಿಮುದ್ರಣಕ್ಕೆ ಗೌರವಧನ ಇಲ್ಲ. 999 ಆದರೂ ಇಲ್ಲ. ಪುಡಿಗಾಸು ಹಂಚುವ ಖರ್ಚು ಉಳಿಯಲಿ, ಮೋಸದ ಹಾಡುಗಳು ನಿಲ್ಲಲಿ ಎಂಬುದು ಕಂಪನಿಯ ವಾದ. ಸಿನಿಮಾ ಹಾಡಿಗೆ ಸಾವಿರ ಎಂದರೆ ಕಾಫಿ ಕುಡಿಯುವಷ್ಟು ಹೊತ್ತಿನ ಮಾತು. ಕನ್ನಡದಲ್ಲಿ ಸ್ವಂತ ಹಾಡು ಕಟ್ಟುವ ನಾಲ್ವರು ಹುಡುಗರಿಗೆ ಅದು ಬೆಟ್ಟ.

ಹಾಗಾಗಿ ಕೆಸರೆಯ ಅಭಿಮಾನಿ ಬರೀ ಹುಚ್ಚನಲ್ಲ, ಸಾವಿರದಲ್ಲೊಬ್ಬ. ಅವನು ಮೂವತ್ತು ಸೆಕೆಂಡಿಗೆ ನಿಲ್ಲಿಸುವುದಿಲ್ಲ, ಕೊನೆಯವರೆಗೂ ಕೇಳುತ್ತಾನೆ. ಬೆಳಿಗ್ಗೆ ಗೆಳೆಯರಿಗೆ ಕಳಿಸುತ್ತಾನೆ. ಹತ್ತರಲ್ಲಿ ಎಂಟು ಮಂದಿ ತೆರೆದೂ ನೋಡುವುದಿಲ್ಲ. ಒಬ್ಬ ‘ಚೆನ್ನಾಗಿದೆ’ ಎಂದು ಕೇಳದೆಯೇ ಹೇಳುತ್ತಾನೆ. ಹತ್ತನೆಯವನೊಬ್ಬ ಸಂಜೆ ಚಹದಂಗಡಿಯ ಮುಂದೆ ಸಿಕ್ಕಿ, ‘ಮೂರನೆಯ ಹಾಡು ಇನ್ನೊಮ್ಮೆ ಹಾಕು’ ಎನ್ನುತ್ತಾನೆ. ಅಭಿಮಾನಿಗೆ ವಾರವಿಡೀ ಅಷ್ಟು ಸಾಕು.

ಇಂಥ ಹುಚ್ಚು ಮೈಸೂರಿಗೆ ಹೊಸತಲ್ಲ. ಕೆಸರೆಯಿಂದ ನಗರವನ್ನು ಅಡ್ಡಹಾಯ್ದು ಪಶ್ಚಿಮಕ್ಕೆ ಹೋದರೆ ಒಂಟಿಕೊಪ್ಪಲು. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ 1935ರ ಸೆಪ್ಟೆಂಬರ್‌ನಲ್ಲಿ ರೇಡಿಯೊ ಪ್ರಸಾರ ಶುರುಮಾಡಿದರು. ಮೊದಲ ಯಂತ್ರದ ಶಕ್ತಿ 30 ವ್ಯಾಟ್, ಒಂದು ಸಣ್ಣ ಬಲ್ಬಿನಷ್ಟು. ‘ಆಕಾಶವಾಣಿ’ ಎಂಬ ಹೆಸರು ಅಂಟಿಕೊಂಡದ್ದು ಆ ಮನೆಯ ಬಾನುಲಿಗೆ. ದೇಶ ಅದನ್ನು ಎತ್ತಿಕೊಂಡದ್ದು ಆಮೇಲೆ. ಸರಕಾರಕ್ಕೆ ಕಾಯದೆ ಸ್ವಂತ ಕಾಸಿನಲ್ಲಿ ಸ್ವಂತ ಮನೆಯಿಂದ ಹಾಡು ಬಿತ್ತರಿಸಿದವರನ್ನು ಇಂಡಿ ಎನ್ನದೆ ಇನ್ನೇನೆನ್ನಬೇಕು?

ಅರಮನೆಯಲ್ಲೂ ಒಬ್ಬ ಅಭಿಮಾನಿ ಇದ್ದರು, ಜಯಚಾಮರಾಜೇಂದ್ರ ಒಡೆಯರ್. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಲಂಡನ್ನಿನಲ್ಲಿ ನೆಲೆಸಿ, ಮುಪ್ಪಿನಲ್ಲಿ, ಕೈ ಬರಿದಾಗಿ, ಕೇಳುವವರಿಲ್ಲದೆ ಕುಳಿತಿದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮೈಸೂರಿನ ಮಹಾರಾಜರು ಅವನ ಕೃತಿಗಳನ್ನು ತಟ್ಟೆಗೆ ಇಳಿಸಲು ಹಣ ಕೊಟ್ಟರು. ಅವನೇ ಪಿಯಾನೊ ನುಡಿಸಿದ ತಟ್ಟೆಗಳು ಎಚ್.ಎಂ.ವಿ.ಯಿಂದ ಹೊರಬಂದವು. ಅವನ ಮೂರನೆಯ ಪಿಯಾನೊ ಕನ್ಸರ್ಟೊ ಮೈಸೂರು ಮಹಾರಾಜರಿಗೇ ಅರ್ಪಿತ. ರಿಚರ್ಡ್ ಸ್ಟ್ರೌಸ್ ಸಾಯುವ ಮುನ್ನ ಬರೆದ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿದಾಗಲೂ 4,800 ಡಾಲರಿನ ಹೊಣೆ ಹೊತ್ತವರು ಅವರೇ. ಸಭೆಗೆ ಹೋಗಲಾಗದ ಅವರಿಗಾಗಿ ಹಾಡನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬ ಏರ್ಪಾಡು. ತಟ್ಟೆ ಬರುವುದನ್ನು ಕಾಯುವ ತವಕದಲ್ಲಿ ಅರಸನಿಗೂ ಕೆಸರೆಯವನಿಗೂ ಏನು ವ್ಯತ್ಯಾಸ? ಖಜಾನೆಯೊಂದೇ.

ಸಿನಿಮಾದಾಚೆಯ ಕನ್ನಡ ಹಾಡಿಗೂ ಇಂಥ ಕಾಯುವವರು ಬೇಕಾಗಿದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂತು. ಅದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಟರಿಲ್ಲ, ಕತೆಯಿಲ್ಲ, ಪೋಸ್ಟರಿಲ್ಲ. ಮನೆಮನೆಯ ಟೇಪ್‌ರೆಕಾರ್ಡರ್ ಅದನ್ನು ಸಾಕಿತು.

ಮೂವತ್ತು ವರ್ಷ ಕಳೆದು 2008ರಲ್ಲಿ ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಸೂಕ್ಷ್ಮಾಣು ಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತು, ಗಿಟಾರು ಹಿಡಿದವರು. ಶಿಶುನಾಳ ಶರೀಫರ ಎರಡು ಪದಗಳನ್ನು ಗಿಟಾರು, ಡ್ರಮ್ಮುಗಳ ನಡುವೆ ತಂದು ನಿಲ್ಲಿಸಿದರು. 2011ರಲ್ಲಿ ಲುಂಗಿ, ಗೆಜ್ಜೆಗಳ ಸಮೇತ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅಲ್ಲಿ ಕುಣಿದವರಲ್ಲಿ ಎಷ್ಟು ಮಂದಿಗೆ ಶರೀಫರು ಗೊತ್ತಿದ್ದರು?

ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಂ 2009ರದು. ಅದರಲ್ಲಿ ‘ಪ್ಯಾಸಿ’ ಎಂಬ ಹಾಡಿದೆ. ಹಿಂದಿಯದಾದರೂ ಅದು ಕಾವೇರಿಯ ಹಾಡು. ನೀರಿಗಾಗಿ ಕಚ್ಚಾಡುವ ಮಕ್ಕಳನ್ನು ಕಂಡ ನದಿಯ ಸಂಕಟ ಅದರ ವಸ್ತು. ಚಳವಳಿಯ ದಿನಗಳಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಬಸ್ಸು ನಿಲ್ಲುವುದನ್ನು ಕಂಡ ಮೈಸೂರಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆ ಹಾಡನ್ನು ಕೆಸರೆಯಲ್ಲಿ ನಿಂತು ಕೇಳಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ನದಿಯ ನೀರಿನ ಪಾಲಿಗೆ ಜಗಳವಾಡಲು ಎಲ್ಲರೂ ಸಿದ್ಧ. ಕುಡಿದು, ತೊಳೆದು, ಬಳಸಿ ಬಿಟ್ಟ ನೀರು ಎಲ್ಲಿ ಹೋಗುತ್ತದೆ ಎಂದು ಕೇಳುವವರಿಲ್ಲ. ಅದು ಕೆಸರೆಯ ಕಣಿವೆ ಹಿಡಿದು ಮತ್ತೆ ಅದೇ ಕಾವೇರಿಯ ದಾರಿ ಹಿಡಿಯುತ್ತದೆ. ಇದನ್ನು ಹೇಳುವ ಹಾಡು ಯಾವುದಾದರೂ ಶುಕ್ರವಾರ ಬಂದೀತು. ಕೆಸರೆಯ ಹುಡುಗನೇ ಕಟ್ಟಿದರೂ ಕಟ್ಟಿಯಾನು. ಅಭಿಮಾನಿಗಳ ಮನೆಯಲ್ಲಿ ಗಿಟಾರು ತಡವಾಗಿಯಾದರೂ ಬರುವುದುಂಟು.

ಬಂದ ದಿನ ಅದಕ್ಕೂ ಸಾವಿರ ಕಿವಿ ಬೇಕು. ಅರಮನೆಯ ಖಜಾನೆ ಈಗಿಲ್ಲ, ಧ್ವನಿಸುರುಳಿಯ ಅಂಗಡಿಗಳು ಮುಚ್ಚಿದವು. ಉಳಿದಿರುವುದು ಕೇಳುವವನ ವ್ಯವಧಾನವೊಂದೇ. ಗುರುವಾರ ರಾತ್ರಿ ಕೆಸರೆಯಲ್ಲಿ ಬೀದಿನಾಯಿಗಳು ಬೊಗಳಿ ಸುಮ್ಮನಾಗುತ್ತವೆ, ಕೊನೆಯ ಆಟೊ ಮನೆ ಸೇರುತ್ತದೆ, ಒಂದು ಕಿಟಕಿಯಲ್ಲಿ ಮಾತ್ರ ಮೊಬೈಲಿನ ನೀಲಿ ಬೆಳಕು. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇದೆ.