ರೈಲ್ವೆ ವೇಳಾಪಟ್ಟಿಯ ಹುಡುಗ

ಮೊನ್ನೆ ಹಳೆಯ ಶಿಷ್ಯೆಯೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. ಅವಳ ಏಳು ವರ್ಷದ ಮಗನಿಗೆ ಸ್ವಲೀನತೆ, ಅಂದರೆ ಆಟಿಸಂ ಇದೆ. ಅವನಿಗೆ ದಿನವಿಡೀ ಫ್ಯಾನುಗಳದೇ ಧ್ಯಾನ. "ಈ ಹುಚ್ಚು ಬಿಡಿಸುವುದು ಹೇಗೆ ಸಾರ್?" ಎಂದು ಕೇಳಿದಳು. "ಬಿಡಿಸಬೇಡಮ್ಮಾ" ಎಂದೆ. ಹಾಗೆ ಹೇಳಲು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

1988ರಲ್ಲಿ ಅರಸೀಕೆರೆಯಲ್ಲಿ ಐದನೆಯ ತರಗತಿಗೆ ಗಣಿತ ಕಲಿಸುತ್ತಿದ್ದೆ. ಕಡೆಯ ಬೆಂಚಿನ ಹುಡುಗನೊಬ್ಬ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕೈಯಲ್ಲಿ ಸದಾ ಹರಿದ ರೈಲ್ವೆ ವೇಳಾಪಟ್ಟಿ. ಸ್ವಲೀನತೆಯೆಂಬ ಪದವನ್ನೇ ನಾನು ಆಗ ಕೇಳಿರಲಿಲ್ಲ. ಒಂದು ದಿನ ಸಿಟ್ಟಿನಿಂದ ಅದನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ನಾಲ್ಕನೆಯ ದಿನ ಅವನ ಅಜ್ಜಿ ಬಂದರು. "ಮೇಷ್ಟ್ರೇ, ಜಗಳಕ್ಕೆ ಬಂದಿಲ್ಲ. ಪುಸ್ತಕ ಹೋದಾಗಿನಿಂದ ಮಗು ಸರಿಯಾಗಿ ಉಣ್ಣುತ್ತಿಲ್ಲ, ಇದ್ದ ನಾಲ್ಕು ಮಾತನ್ನೂ ಬಿಟ್ಟಿದೆ" ಎಂದರು. ನಾನು ತಲೆ ತಗ್ಗಿಸಿ ಪುಸ್ತಕ ಮರಳಿಸಿದೆ.

ಕೆಲವು ದಿನಗಳ ಮೇಲೆ ಕರಿಹಲಗೆಯ ಮೇಲೆ ಬರೆದೆ: ಅರಸೀಕೆರೆಯನ್ನು 9.40ಕ್ಕೆ ಬಿಟ್ಟ ಗಾಡಿ ಕಡೂರನ್ನು 10.15ಕ್ಕೆ ಸೇರಿದರೆ ಪ್ರಯಾಣದ ಅವಧಿ ಎಷ್ಟು? ನಾನು ತಿರುಗುವ ಮೊದಲೇ ಕಡೆಯ ಬೆಂಚಿನಿಂದ ದನಿ ಬಂತು: "ಮೂವತ್ತೈದು ನಿಮಿಷ. ಆದರೆ ಅಂಥ ಗಾಡಿ ಇಲ್ಲ." ತರಗತಿ ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ಲೆಕ್ಕಗಳ ವೇಳೆಯನ್ನು ಅವನನ್ನೇ ಕೇಳಿ ಬರೆಯತೊಡಗಿದೆ. ಟಿಕೆಟ್ ದರದಿಂದ ಕೂಡುವುದು, ಕಳೆಯುವುದು ಬಂದವು. ಬೀರೂರಿನಲ್ಲಿ ಕವಲೊಡೆದು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗಕ್ಕೆ ಹೋಗುವ ದಾರಿಯಿಂದ ಭೂಗೋಳ ಬಂತು. ಊರಿಗೆ ಹೋಗುವ ಹುಡುಗರು ಅವನ ಬಳಿ ಗಾಡಿಯ ವೇಳೆ ಕೇಳತೊಡಗಿದಾಗ ಸ್ನೇಹವೂ ಬಂತು.

ಬಹಳ ವರ್ಷಗಳ ನಂತರ, ಸ್ವಲೀನತೆಯುಳ್ಳ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರ ವಿಷಯ ಓದಿದೆ. ದನಗಳನ್ನು ಹಿಡಿದು ನಿಲ್ಲಿಸುವ ಯಂತ್ರದ ಬಗ್ಗೆ ಹದಿಹರೆಯದಲ್ಲಿ ಅವರಿಗಿದ್ದ ಗೀಳನ್ನು ವಿಲಿಯಂ ಕಾರ್ಲಾಕ್ ಎಂಬ ವಿಜ್ಞಾನದ ಮೇಷ್ಟ್ರು ಹಳಿಯಲಿಲ್ಲ. ಆ ಯಂತ್ರದ ಒತ್ತಡ ಮನಸ್ಸಿಗೆ ಏಕೆ ನೆಮ್ಮದಿ ಕೊಡುತ್ತದೆಂದು ಓದಿ ತಿಳಿದುಕೋ ಎಂದು ಹುರಿದುಂಬಿಸಿದರು. ಅಜ್ಜಿ ಬಾರದಿದ್ದರೆ ನನಗೆ ಹೊಳೆಯದೇ ಹೋಗುತ್ತಿದ್ದ ಸಂಗತಿ ಅವರಿಗೆ ತಾನಾಗಿಯೇ ಹೊಳೆದಿತ್ತು.

ಶಿಷ್ಯೆಗೆ ಹೇಳಿದೆ: ರೆಕ್ಕೆಗಳನ್ನು ಎಣಿಸಲಿ, ಫ್ಯಾನಿನ ಚಿತ್ರ ಬರೆದು ಹೆಸರು ಬರೆಯಲಿ, ವೇಗ ಹೆಚ್ಚಾದಾಗ ಏನಾಗುತ್ತದೆಂದು ನಿನಗೆ ವಿವರಿಸಲಿ. ಆದರೆ ಶಿಕ್ಷೆಯೆಂದು ಅದನ್ನು ಎಂದೂ ಕಸಿಯಬೇಡ. ಎಲ್ಲವನ್ನೂ ಪಾಠವಾಗಿಸಲೂ ಬೇಡ; ಸುಮ್ಮನೆ ನೋಡಿ ಸಂತೋಷಪಡಲು ಅವನಿಗೆ ಒಂದಿಷ್ಟು ಹೊತ್ತು ಉಳಿಯಲಿ.

ಆ ಹುಡುಗನಿಂದ ನಾನು ಕಸಿದ ನಾಲ್ಕು ದಿನಗಳ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ.